ಮಸಿ ಕಾಯುವ ಹುಡುಗ

ಒಸಾಕಾ ಎಲ್ಲಿ, ಟೋಕಿಯೋ ಎಲ್ಲಿ! ಹಳೆಯ ಹೆದ್ದಾರಿ ಹಿಡಿದು ಹೋದರೆ 500 ಕಿಲೋಮೀಟರಿಗೂ ಹೆಚ್ಚು ದೂರ. ಎರಡನೇ ಮಹಾಯುದ್ಧ ಮುಗಿದು ಕೆಲವೇ ವರ್ಷಗಳಾಗಿದ್ದ ಕಾಲದಲ್ಲಿ ತೊಕಿದಾ ಎಂಬ ಹದಿಹರೆಯದ ಹುಡುಗನೊಬ್ಬ ಅಷ್ಟು ದೂರವನ್ನು ಕಾಲ್ನಡಿಗೆಯಲ್ಲೇ ಸವೆಸಿದ. ಟೋಕಿಯೋದಲ್ಲಿದ್ದ ನೊರೊ ಶಿಂಪೇ ಎಂಬ ಹೆಸರಾಂತ ವ್ಯಂಗ್ಯಚಿತ್ರಕಾರರ ಶಿಷ್ಯನಾಗಬೇಕು ಎಂಬುದೊಂದೇ ಅವನ ಹಟ. ನೊರೊ ಅವನನ್ನು ಊರಿಗೆ ವಾಪಸ್ ಅಟ್ಟಲಿಲ್ಲ, ಒಳಗೆ ಕರೆದುಕೊಂಡರು. ಸಂಗತಿ ಪತ್ರಿಕೆಯಲ್ಲಿ ಸುದ್ದಿಯಾಯಿತು.

ಆ ಸುದ್ದಿಯನ್ನು ಓದಿದವರಲ್ಲಿ ಟೋಕಿಯೋದ ಹನ್ನೆರಡು ವರ್ಷದ ಹುಡುಗನೊಬ್ಬನೂ ಇದ್ದ. ಅವನಿಗೂ ಆರನೇ ವಯಸ್ಸಿನಿಂದ ಅದೇ ಕನಸು. ನೊರೊ ಅವನ ಅಚ್ಚುಮೆಚ್ಚಿನ ಚಿತ್ರಕಾರ. ಒಸಾಕಾದಿಂದ ಒಬ್ಬ ನಡೆದು ಬರಬಹುದಾದರೆ, ಅದೇ ಊರಿನಲ್ಲಿ ಇರುವವನಿಗೆ ಏನು ಅಡ್ಡಿ? ಹುಡುಗ ವಿಳಾಸ ಹುಡುಕಿಕೊಂಡು ಹೋದ. ಶಿಷ್ಯನಾಗುತ್ತೇನೆ ಅಂದ. ನೊರೊ ಅವನನ್ನೂ ಒಳಗೆ ಕರೆದುಕೊಂಡರು.

ಆ ಎರಡನೆಯ ಹುಡುಗನ ಹೆಸರು ಅಲನ್ ಸೇ. ಅಮೆರಿಕದಲ್ಲಿ ಮಕ್ಕಳ ಚಿತ್ರಪುಸ್ತಕಗಳಿಗೆ ಸಲ್ಲುವ ಅತ್ಯುನ್ನತ ಗೌರವವಾದ ಕ್ಯಾಲ್ಡೆಕಾಟ್ ಪದಕ 1994ರಲ್ಲಿ ಅವರಿಗೆ ಬಂತು. ಪದಕದ ಕಥೆ ಎಲ್ಲರಿಗೂ ಸುಲಭವಾಗಿ ಸಿಗುತ್ತದೆ. ಅದಕ್ಕಿಂತ ನಲವತ್ತಕ್ಕೂ ಹೆಚ್ಚು ವರ್ಷ ಹಿಂದೆ ತೆರೆದ ಆ ಬಾಗಿಲು, ತೆರೆದ ಮನುಷ್ಯ, ಒಳಗೆ ನಡೆದ ನಾಲ್ಕು ವರ್ಷಗಳ ಕೆಲಸ, ಇವು ಇನ್ನಷ್ಟು ನಿಧಾನವಾಗಿ ನೋಡಬೇಕಾದ ಸಂಗತಿಗಳು.

ಸೇ ಹುಟ್ಟಿದ್ದು 1937ರಲ್ಲಿ, ಯೋಕೊಹಾಮಾ ಬಂದರು ನಗರದಲ್ಲಿ. ಅವನ ಮನೆಯೇ ಒಂದು ವಿಚಿತ್ರ ಸಂಗಮ. ತಾಯಿ ಜಪಾನೀ ಮೂಲದವಳಾದರೂ ಹುಟ್ಟಿ ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಸುಪಾಸಿನಲ್ಲಿ. ಶಾಲೆ ಮುಗಿಸಿದ ಹುಡುಗಿಯನ್ನು ತಂದೆತಾಯಿ ಜಪಾನಿಗೆ ಕರೆತಂದಾಗ ತಾಯ್ನಾಡೇ ಅವಳಿಗೆ ಪರದೇಶವಾಗಿತ್ತು. ಅವಳು ಒಸಾಕಾದ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಭೇಟಿಯಾದವನು ಕೊರಿಯಾ ಮೂಲದ ಯುವಕ. ಅನಾಥನಾಗಿದ್ದ ಅವನು ಬ್ರಿಟಿಷರ ಆಶ್ರಯದಲ್ಲಿ ಶಾಂಘೈನಲ್ಲಿ ಬೆಳೆದು ಇಂಗ್ಲಿಷ್ ಕಲಿತಿದ್ದ. ಇಬ್ಬರೂ ಮದುವೆಯಾದರು. ಗಂಡಹೆಂಡಿರು ತಮ್ಮಲ್ಲಿ ಇಂಗ್ಲಿಷ್ ಆಡಿಕೊಂಡು ಚಹಾಕ್ಕೆ ಹಾಲು ಬೆರೆಸಿ ಕುಡಿಯುತ್ತಿದ್ದರು. ಹಸಿರು ಚಹಾದ ನಾಡಿನಲ್ಲಿ ಹಾಲಿನ ಚಹಾ ಕುಡಿಯುವ ಮನೆ ಅದು. 1999ರಲ್ಲಿ ಸೇ ತಾಯಿಯ ಈ ಕಥೆಯನ್ನೇ ‘ಟೀ ವಿತ್ ಮಿಲ್ಕ್’ ಎಂಬ ಚಿತ್ರಪುಸ್ತಕ ಮಾಡಿದರು.

ಇಂಥ ಮನೆಯ ಹುಡುಗ ಚಿತ್ರ ಬರೆಯುವುದರಲ್ಲಿ ಮುಳುಗಿಹೋಗಿದ್ದ. ತಂದೆಗೆ ಅದು ಸುತರಾಂ ಹಿಡಿಸುತ್ತಿರಲಿಲ್ಲ. ಚಿತ್ರಕಾರರೆಂದರೆ ಮೈಗಳ್ಳರು, ಮರ್ಯಾದಸ್ಥರ ಸಾಲಿಗೆ ಸೇರದವರು ಎಂಬುದು ಅವರ ಎಣಿಕೆ. ತೈಲವರ್ಣದ ಭೂದೃಶ್ಯ ಬರೆಯುತ್ತೇನೆ ಅಂದಿದ್ದರೆ ಹೇಗೋ ಏನೋ, ಮಗನಿಗೆ ಬೇಕಿದ್ದದ್ದು ಮಕ್ಕಳ ಮಾಸಿಕಗಳ ನಗೆಚಿತ್ರ! ಇಂದಿನ ಅಪ್ಪಂದಿರಲ್ಲೂ ಈ ಮಾತಿಗೆ ಬೆಚ್ಚದವರು ಕಡಿಮೆ.

ಯುದ್ಧ ಬಂತು. 1945ರ ಮೇ 29ರಂದು ಅಮೆರಿಕದ ಬಾಂಬರ್‌ಗಳು ಯೋಕೊಹಾಮಾದ ಬಹುಭಾಗವನ್ನು ಹಗಲಲ್ಲೇ ಸುಟ್ಟು ಬೂದಿ ಮಾಡಿದವು. ಯುದ್ಧಾನಂತರ ಹುಡುಗನ ಶಾಲೆ ಜಪಾನಿನ ದಕ್ಷಿಣದ ಒಂದು ದ್ವೀಪದಲ್ಲಿ. ಅಲ್ಲಿನ ಒಂದು ದಿನ ಅವನ ಮನಸ್ಸಿನಲ್ಲಿ ಅಚ್ಚೊತ್ತಿ ಉಳಿಯಿತು. ಶಾಲೆಯ ಕ್ರೀಡಾದಿನ, ಬೇಲಿಯಾಚೆ ಇಬ್ಬರು ಅಮೆರಿಕನ್ ಸೈನಿಕರು ಬಂದು ನಿಂತರು, ಒಬ್ಬ ಬಿಳಿಯ, ಒಬ್ಬ ಕಪ್ಪು ವರ್ಣದವ. ನಿನ್ನೆಯವರೆಗೆ ಶತ್ರುಗಳಾಗಿದ್ದವರನ್ನು ಕಂಡು ಮಕ್ಕಳೆಲ್ಲ ನಡುಗಿದರು. ಕಪ್ಪು ವರ್ಣದ ಸೈನಿಕ ಮುಖ್ಯೋಪಾಧ್ಯಾಯರ ಸೈಕಲ್ಲನ್ನು ಕೇಳಿ ಪಡೆದು, ಅದರ ಮೇಲೆ ಸರ್ಕಸ್ಸಿನವರಂತೆ ಕಸರತ್ತು ತೋರಿಸಿದ. ಹೆದರಿದ್ದ ಅಂಗಳವೆಲ್ಲ ಚಪ್ಪಾಳೆ. 1982ರಲ್ಲಿ ಸೇ ಆ ದಿನವನ್ನು ‘ದ ಬೈಸಿಕಲ್ ಮ್ಯಾನ್’ ಪುಸ್ತಕದಲ್ಲಿ ಬರೆದಾಗ ಮೂವತ್ತೈದಕ್ಕೂ ಹೆಚ್ಚು ವರ್ಷ ದಾಟಿತ್ತು. ಕಂಡದ್ದನ್ನು ಬಿಡದೆ ಹಿಡಿದಿಟ್ಟುಕೊಳ್ಳುವ ಕಣ್ಣು ಅದಾಗಲೇ ಅವನಿಗಿತ್ತು. ಇಲ್ಲದಿದ್ದದ್ದು ಅದನ್ನು ಪಳಗಿಸುವ ಗುರು.

ಯುದ್ಧದ ನಂತರ ತಂದೆತಾಯಿ ಬೇರೆಯಾದರು. ಹುಡುಗ ಟೋಕಿಯೋದಲ್ಲಿ ತಾಯಿಯ ತಾಯಿಯ ಬಳಿಗೆ ಬಂದ. ಅಜ್ಜಿ ಕಟ್ಟುನಿಟ್ಟಿನವರು, ಮೊಮ್ಮಗನಿಗೂ ಅವರಿಗೂ ಹೊಂದಿಕೆಯಾಗಲಿಲ್ಲ. ಆಗ ಅಜ್ಜಿ ಮುಂದಿಟ್ಟ ಕರಾರು ಇಂದು ಕೇಳಿದರೂ ನಂಬುವುದು ಕಷ್ಟ. ಅಯೊಯಾಮಾ ಎಂಬ ಪ್ರತಿಷ್ಠಿತ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಪಾಸಾದರೆ, ಅವನಿಗೇ ಒಂದು ಕೋಣೆ ಬಾಡಿಗೆಗೆ ಹಿಡಿದು ಕೊಡುವುದು! ಹುಡುಗ ಓದಿದ, ಪಾಸಾದ. ಹನ್ನೆರಡರ ಹರೆಯದಲ್ಲಿ ಟೋಕಿಯೋದಂಥ ನಗರದಲ್ಲಿ, ಒಂದೇ ಕೋಣೆಯ ಮನೆಯಲ್ಲಿ ಒಬ್ಬನೇ ಸಂಸಾರ ಹೂಡಿದ.

ಸ್ವಾತಂತ್ರ್ಯ ಸಿಕ್ಕಿತು. ಬಾಗಿಲು ಹಾಕಿಕೊಂಡು ರಾತ್ರಿಯಿಡೀ ಚಿತ್ರ ಬರೆದರೂ ಕೇಳುವವರಿಲ್ಲ. ಬೆಳಿಗ್ಗೆ ಏಳಿಸುವವರಿಲ್ಲ, ಊಟಕ್ಕೆ ಕರೆಯುವವರಿಲ್ಲ. ಹದಿಹರೆಯದವರು ಯಾವ ಕಾಲದಲ್ಲೂ ಬಯಸುವ ಬಿಡುಗಡೆ ಇದು. ಆದರೆ ಅದೇ ಕೋಣೆಯಲ್ಲಿ ಅವನು ಒಬ್ಬನೇ ಉಳಿದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ. ತಂದೆ ದೂರ, ತಾಯಿ ದೂರ, ಅಜ್ಜಿಯೊಡನೆ ಮಾತು ಅಷ್ಟಕ್ಕಷ್ಟೆ. ಸುತ್ತ ಸೋತ ದೇಶ, ಅನ್ನಕ್ಕೆ ಪರದಾಟ, ಬೀದಿಯಲ್ಲಿ ವಿದೇಶಿ ಸೈನಿಕರ ಜೀಪುಗಳು. ಅಮೆರಿಕದ ಆಡಳಿತ ಕೊನೆಯಾದದ್ದು 1952ರ ಏಪ್ರಿಲ್ 28ರಂದು. ಅಲ್ಲಿಯವರೆಗೂ ಟೋಕಿಯೋ ತನ್ನದೇ ದೇಶದ ರಾಜಧಾನಿಯಾಗಿ ಉಸಿರಾಡಿರಲಿಲ್ಲ. ಅಂಥ ಊರಿನಲ್ಲಿ ಹುಡುಗನಿಗೆ ಕೋಣೆ ಕೊಟ್ಟದ್ದು ಅಜ್ಜಿ. ಹೋಗಿ ಕೂರಲು ಒಂದು ಜಾಗ, ಮಾಡಲು ಒಂದು ಕೆಲಸ, ಅವನು ಬರುತ್ತಾನೆಂದು ನಿರೀಕ್ಷಿಸುವ ಒಬ್ಬ ಹಿರಿಯ, ಇದನ್ನು ಕೊಟ್ಟದ್ದು ನೊರೊ. ಎರಡನೆಯದಿಲ್ಲದೆ ಮೊದಲನೆಯದಕ್ಕೆ ಅರ್ಥವೇ ಇರುತ್ತಿರಲಿಲ್ಲ.

ನೊರೊ ಯಾವ ಕಲಾಶಾಲೆಯ ಆಚಾರ್ಯರೂ ಆಗಿರಲಿಲ್ಲ, ಹುಡುಗನ ನೆಂಟರಿಷ್ಟರೂ ಅಲ್ಲ. ಪತ್ರಿಕೆಗಳ ಗಡುವಿಗೆ ಸಿಕ್ಕಿಕೊಂಡು ದುಡಿಯುತ್ತಿದ್ದ ವೃತ್ತಿಪರ ಚಿತ್ರಕಥೆಗಾರ. ಕಲೆಯ ಮೇಲು ಕೀಳಿನ ಏಣಿಯಲ್ಲಿ ಆಗ ಮಂಗಾ, ಅಂದರೆ ಜಪಾನೀ ಚಿತ್ರಕಥೆ, ಅತ್ಯಂತ ಕೆಳಗಿನ ಮೆಟ್ಟಿಲು. ಪ್ರತಿಷ್ಠಿತ ಶಾಲೆಯ ವಿದ್ಯಾರ್ಥಿಯೊಬ್ಬ ತಂದೆಯ ಸ್ಥಾನದಲ್ಲಿ ಇಟ್ಟುಕೊಳ್ಳಲು ಆರಿಸಿಕೊಂಡದ್ದು ಇಂಥ ಒಬ್ಬರನ್ನು. ಸೇ ಅವರನ್ನು ಜೀವನಪೂರ್ತಿ ಸೆನ್ಸೇ, ಅಂದರೆ ಗುರುಗಳು, ಎಂದೇ ಕರೆದರು.

ಆ ಕಾಲದ ಚಿತ್ರಕಥೆಯ ಲೋಕವನ್ನು ಸ್ವಲ್ಪ ನೋಡಿದರೆ ಇಂಥ ಹುಡುಗರು ಎಲ್ಲಿಂದ ಬಂದರು ಎಂಬುದು ತಿಳಿಯುತ್ತದೆ. ಕಾಗದಕ್ಕೆ ಬರ, ಆಟಿಕೆಗೆ ಬರ, ಸಿನಿಮಾಕ್ಕೆ ಕಾಸಿಲ್ಲ. ಅಗ್ಗದ ಕಾಗದದಲ್ಲಿ ಅಚ್ಚಾದ ಕಾಮಿಕ್ಸ್ ಪುಸ್ತಕಗಳು ಸಂತೆಯಲ್ಲಿ, ಮಿಠಾಯಿ ಅಂಗಡಿಯಲ್ಲಿ ಬಿಕರಿಯಾಗುತ್ತಿದ್ದವು. 1947ರಲ್ಲಿ ಒಸಾಮು ತೆಜುಕಾ ಎಂಬ ವೈದ್ಯಕೀಯ ವಿದ್ಯಾರ್ಥಿ ಚಿತ್ರಿಸಿದ ‘ಹೊಸ ನಿಧಿ ದ್ವೀಪ’ ನಾಲ್ಕು ಲಕ್ಷದಷ್ಟು ಪ್ರತಿ ಹೋಯಿತೆಂದು ಹೇಳುತ್ತಾರೆ. ಬೀದಿಬೀದಿಯಲ್ಲಿ ಕಮಿಶಿಬಾಯಿಯವರು ಸೈಕಲ್ ಮೇಲೆ ಮರದ ಚೌಕಟ್ಟು ಕಟ್ಟಿಕೊಂಡು ಬಂದು, ಮಕ್ಕಳಿಗೆ ಮಿಠಾಯಿ ಮಾರಿ, ಒಂದೊಂದೇ ಚಿತ್ರ ಸರಿಸುತ್ತ ಕಥೆ ಹೇಳುತ್ತಿದ್ದರು. 1953ರಲ್ಲಿ ಟೆಲಿವಿಷನ್ ಪ್ರಸಾರ ಶುರುವಾದ ಮೇಲೆ ಆ ಕಸುಬು ಸೊರಗಿತು. ಸೇ ಅವರ ‘ಕಮಿಶಿಬಾಯಿ ಮ್ಯಾನ್’ (2005) ಅಂಥ ಒಬ್ಬ ಮುದುಕನ ಕಥೆ. ಹೊಟ್ಟೆ ಖಾಲಿಯಿದ್ದ ಆ ಮಕ್ಕಳ ಕಣ್ಣಿನ ತುಂಬ ಚಿತ್ರಗಳಿದ್ದವು.

ಮನೆಬಾಗಿಲಿಗೆ ಹೋಗಿ ಶಿಷ್ಯನಾಗಿಸಿಕೊಳ್ಳಿ ಎನ್ನುವುದೂ ಆ ಲೋಕಕ್ಕೆ ಹೊಸದಲ್ಲ. 1930ರ ದಶಕದಲ್ಲಿ ‘ನೊರಕುರೊ’ ಎಂಬ ಬೀದಿನಾಯಿಯನ್ನು ಸೈನ್ಯಕ್ಕೆ ಸೇರಿಸಿ ಮಕ್ಕಳ ಮನಸ್ಸು ಗೆದ್ದಿದ್ದ ತಾಗಾವಾ ಸುಯ್ಹೋ ಅವರ ಬಳಿ ಮಚಿಕೊ ಹಸೆಗಾವಾ ಎಂಬ ಹುಡುಗಿ ಹೀಗೆಯೇ ಶಿಷ್ಯೆಯಾದಳು. ತಂದೆಯನ್ನು ಕಳೆದುಕೊಂಡ ಕುಟುಂಬ ಆಗಷ್ಟೇ ಟೋಕಿಯೋಗೆ ಬಂದಿತ್ತು. 1935ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಅವಳ ಚಿತ್ರಗಳು ಅಚ್ಚಾದವು. ಮುಂದೆ 1946ರಲ್ಲಿ ಅವರು ಶುರುಮಾಡಿದ ‘ಸಜಾಯೆ ಸಾನ್’ ಎಂಬ ಮನೆವಾರ್ತೆಯ ನಗೆಪಟ್ಟಿ 1974ರವರೆಗೂ ನಡೆಯಿತು. ಜಪಾನಿನ ಮನೆಮನೆಯೂ ಆ ಸಜಾಯೆಯನ್ನು ತಮ್ಮ ಪಕ್ಕದ ಮನೆಯವಳೆಂದೇ ಬಗೆದಿತ್ತು.

ಸೇಗಿಂತ ಕೆಲವು ತಿಂಗಳು ಚಿಕ್ಕವನಾದ ಶೋತಾರೊ ಇಶಿನೊಮೊರಿ ಈಶಾನ್ಯದ ಮಿಯಾಗಿ ಪ್ರಾಂತ್ಯದ ಹೈಸ್ಕೂಲಿನಲ್ಲಿ ಓದುತ್ತ, ‘ಮಂಗಾ ಶೋನೆನ್’ ಮಾಸಿಕದ ಓದುಗರ ಪುಟಕ್ಕೆ ಚಿತ್ರ ಕಳಿಸುತ್ತಿದ್ದ. ಅದನ್ನು ಕಂಡ ತೆಜುಕಾ ತಮ್ಮ ‘ಆಸ್ಟ್ರೋ ಬಾಯ್’ ಚಿತ್ರಕಥೆಗೆ ಕೈಜೋಡಿಸಲು ಹುಡುಗನನ್ನೇ ಕರೆದರು. ಅದೇ ತೆಜುಕಾ 1953ರಿಂದ ಕೆಲಕಾಲ ವಾಸವಿದ್ದ ತೊಕಿವಾ-ಸೊ ಎಂಬ ಮರದ ವಠಾರ ಮುಂದೆ ಚಿತ್ರಕಥೆಗಾರರ ಅಡ್ಡೆಯೇ ಆಯಿತು. ಅವರು ಖಾಲಿ ಮಾಡಿದ ಕೋಣೆಗೆ ಬಂದದ್ದು ಫುಜಿಕೊ ಫುಜಿಯೊ ಎಂಬ ಜಂಟಿ ಹೆಸರಿನಲ್ಲಿ ಬರೆಯುತ್ತಿದ್ದ ತೊಯಾಮಾದ ಇಬ್ಬರು ಶಾಲಾ ಗೆಳೆಯರು. ಅವರಲ್ಲಿ ಒಬ್ಬರು 1969ರಲ್ಲಿ ಹುಟ್ಟಿಸಿದ ನೀಲಿ ಬೆಕ್ಕು ಡೊರೇಮಾನ್ ಇಂದು ಕರ್ನಾಟಕದ ಮಕ್ಕಳಿಗೂ ಮನೆಯವನಂತೆ ಪರಿಚಿತ. ಶಾಲೆಯ ಬೆಂಚಿನಿಂದ ನೇರವಾಗಿ ಗುರುವಿನ ಮೇಜಿಗೆ ಹೋದ ಹುಡುಗಹುಡುಗಿಯರು ಆ ನಾಡಿನ ಒಂದು ಇಡೀ ಕಲೆಯನ್ನು ಕಟ್ಟಿದರು.

ನೊರೊ ಅವರ ಮೇಜಿಗೆ ಮರಳೋಣ.

ಚಿತ್ರಕಥೆಯ ಪುಟ ತಯಾರಾಗುವುದು ಹಂತಹಂತವಾಗಿ. ಗುರು ಪೆನ್ಸಿಲ್ಲಿನಲ್ಲಿ ಚಿತ್ರ ಹಾಕಿ, ಮುಖ್ಯ ಪಾತ್ರಗಳ ಮೇಲೆ ನಿಬ್ಬಿನಿಂದ ಮಸಿಯ ಗೆರೆ ಎಳೆಯುತ್ತಾರೆ. ಆಮೇಲಿನದೆಲ್ಲ ಶಿಷ್ಯರ ಪಾಲು. ಸ್ಕೇಲಿಟ್ಟು ಚೌಕಗಳ ಅಂಚು ಗೀರುವುದು, ಕಪ್ಪು ತುಂಬುವುದು, ಮಸಿ ಒಣಗಿದ ಮೇಲೆ ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಒರೆಸುವುದು, ತಪ್ಪಿದ ಕಡೆ ಬಿಳಿ ಬಣ್ಣ ಹಚ್ಚುವುದು, ಹಿನ್ನೆಲೆಯ ಮರ ಮನೆ ಬೆಟ್ಟ ಬರೆಯುವುದು. ಕೇಳಿದರೆ ಸುಲಭ. ಒಣಗದ ಮಸಿಯ ಮೇಲೆ ಒಮ್ಮೆ ಅಂಗೈ ಊರಿದರೆ ಗುರುವಿನ ಅರ್ಧ ದಿನದ ದುಡಿಮೆ ಹಾಳು. ರಬ್ಬರನ್ನು ಒತ್ತಿ ಉಜ್ಜಿದರೆ ಕಾಗದ ಎದ್ದು ಬರುತ್ತದೆ. ಗಡುವಿನ ದಿನ ಪುಟ ಅಚ್ಚಿಗೆ ಹೋಗಲೇಬೇಕು. ಹದಿಮೂರು ವರ್ಷದವನ ತಪ್ಪಿಗೂ ಮೂವತ್ತು ವರ್ಷದವನ ತಪ್ಪಿಗೂ ಅಲ್ಲಿ ವ್ಯತ್ಯಾಸವಿಲ್ಲ.

ಇಂಥ ಕೆಲಸವನ್ನು ಒಬ್ಬ ಬಾಲಕನ ಕೈಗೆ ಕೊಡುವುದಿದೆಯಲ್ಲ, ಅದರಷ್ಟು ದೊಡ್ಡ ಗೌರವ ಇನ್ನೊಂದಿಲ್ಲ. ಮಕ್ಕಳ ಚಿತ್ರವನ್ನು ನೋಡಿ ‘ಭಲೆ’ ಎನ್ನುವ ದೊಡ್ಡವರು ಎಲ್ಲೆಡೆಯೂ ಸಿಗುತ್ತಾರೆ. ಸಾವಿರಾರು ಓದುಗರ ಕೈಸೇರುವ ಪುಟದಲ್ಲಿ ಒಂದು ಮೂಲೆಯನ್ನು ನೀನೇ ಬರೆ ಎನ್ನುವವರು ಅಪರೂಪ. ನೊರೊ ಹುಡುಗನನ್ನು ಕೆಲಸಗಾರನೆಂದು ಕಂಡರು. ಹಾಗೆ ಕಂಡದ್ದರಿಂದಲೇ ಅವನು ಕಲಾವಿದನಾದ ಎಂದು ಧಾರಾಳವಾಗಿ ಹೇಳಬಹುದು.

ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚಿನದು. ಶಿಷ್ಯರು ತಮ್ಮನ್ನೇ ನಕಲು ಮಾಡುತ್ತ ಕೂತರೆ ನೊರೊಗೆ ಅನುಕೂಲವೇ ಆಗುತ್ತಿತ್ತು. ಕೈ ಎಷ್ಟು ಹೋಲುತ್ತದೋ ಕೆಲಸ ಅಷ್ಟು ಬೇಗ ಸಾಗುತ್ತದೆ. ಅವರು ಹಾಗೆ ಮಾಡಲಿಲ್ಲ. ಜಪಾನೀ ರೇಖೆಯ ಜೊತೆಗೆ ಪಾಶ್ಚಾತ್ಯ ಕಲೆಯ ಶಿಸ್ತನ್ನೂ ಕಲಿಯಲು ಹಚ್ಚಿದರು. ಎದುರಿಗೆ ನಿಂತ ಮನುಷ್ಯನನ್ನು ದಿಟ್ಟಿಸಿ ನೋಡಿ ಬರೆಯುವ ಅಭ್ಯಾಸ, ಬೆಳಕು ನೆರಳಿನ ಅಭ್ಯಾಸ, ಬಣ್ಣದ ಅಭ್ಯಾಸ. ಕಾಮಿಕ್ಸ್ ನೋಡಿ ಕಾಮಿಕ್ಸ್ ಕಲಿತವನ ಚಿತ್ರ ಎರಡನೇ ಕೈಯ ಚಿತ್ರವಾಗುತ್ತದೆ. ಆ ದುಡಿಯುವ ಚಿತ್ರಕಥೆಗಾರನಿಗೆ ಇದು ಚೆನ್ನಾಗಿ ಗೊತ್ತಿತ್ತು. ತಮ್ಮ ಮೇಜಿನಿಂದಾಚೆಗೆ ಶಿಷ್ಯರನ್ನು ಕಳಿಸುವ ಗುರುವಿಗೆ ಬೇರೆಯೇ ಎದೆಗಾರಿಕೆ ಬೇಕು. ಮುಂದೆ ಸೇ ಬಿಡಿಸಿದ ಜಲವರ್ಣಗಳಲ್ಲಿ ಕಿಟಕಿಯ ಬೆಳಕು ಒಂದು ಮುಖದ ಮೇಲೆ ಬೀಳುವ ರೀತಿಯನ್ನು ನೋಡಿದವರಿಗೆ ಆ ನಾಲ್ಕು ವರ್ಷ ಎಲ್ಲಿಗೆ ಹೋಯಿತು ಎಂಬುದು ತಿಳಿಯುತ್ತದೆ.

ತೊಕಿದಾ ಮತ್ತು ಸೇ ಅಲ್ಲಿ ಜೊತೆಗಾರರಾದರು. ಒಬ್ಬ ಒಸಾಕಾದಿಂದ ನಡೆದು ಬಂದವನು, ಇನ್ನೊಬ್ಬ ಒಂಟಿ ಕೋಣೆಯಿಂದ. ತೊಕಿದಾ ವಯಸ್ಸಿನಲ್ಲಿ ದೊಡ್ಡವನು. ಮನೆಯಿದ್ದೂ ಮನೆಯಿಲ್ಲದ ಹುಡುಗನಿಗೆ ಅಲ್ಲಿ ಒಬ್ಬ ಅಣ್ಣನೂ ಸಿಕ್ಕಂತಾಯಿತು.

ನೊರೊ ಮಾಡಿದ ಇನ್ನೊಂದು ಕೆಲಸ ಎಂಥವರ ಮನಸ್ಸನ್ನೂ ಕರಗಿಸುತ್ತದೆ. ಸೇಯನ್ನು ನೋಡಿ ಅವರು ತಮ್ಮ ಚಿತ್ರಕಥೆಗೆ ಒಂದು ಪಾತ್ರವನ್ನು ಸೃಷ್ಟಿಸಿದರು. ಹೆಸರು ಕ್ಯೂಸುಕೆ. ತಾನು ಅಂಚು ಗೀರುವ ಚೌಕದೊಳಗೆ ತಾನೇ ಓಡಾಡುವುದನ್ನು ಕಾಣುವ ಹುಡುಗನ ಸಂಭ್ರಮವನ್ನು ಊಹಿಸಿಕೊಳ್ಳಬೇಕು. ತಂದೆಗೆ ಬೇಡವಾಗಿದ್ದ ಕಲೆ, ಆ ಕಲೆಯ ದೆಸೆಯಿಂದ ಬೇಡವಾಗಿದ್ದ ಮಗ, ಇಬ್ಬರಿಗೂ ನೊರೊ ಒಂದೇ ಪುಟದಲ್ಲಿ ಜಾಗ ಕೊಟ್ಟರು.

ನಾಲ್ಕು ವರ್ಷ ಕಳೆಯಿತು. 1953ರಲ್ಲಿ ತಂದೆ ಅಮೆರಿಕಕ್ಕೆ ವಲಸೆ ಹೊರಟರು, ಜೊತೆಗೆ ಹೊಸ ಸಂಸಾರ. ಮಗ ಬರುವುದಾದರೆ ಬರಬಹುದು. ಹದಿನಾರರ ಹುಡುಗನ ಮುಂದೆ ಎರಡು ದಾರಿಗಳಿದ್ದವು. ಗುರುವಿನ ಬಳಿ ಉಳಿದರೆ ಇನ್ನೆರಡು ವರ್ಷದಲ್ಲಿ ಅವನದೇ ಹೆಸರಿನ ಚಿತ್ರಕಥೆ ಬರಬಹುದಿತ್ತು. ಜಪಾನಿನ ಮಂಗಾ ಆಗ ತುದಿಗಾಲಲ್ಲಿ ನಿಂತಿತ್ತು. 1959ರಲ್ಲಿ ಮಕ್ಕಳ ವಾರಪತ್ರಿಕೆಗಳು ಶುರುವಾದ ಮೇಲಂತೂ ಅದರ ಓಟಕ್ಕೆ ತಡೆಯೇ ಇರಲಿಲ್ಲ. ಹುಡುಗ ಹೊರಟೇಬಿಟ್ಟ. ನೊರೊ ತಡೆಯಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ತಂದೆ ಅವನನ್ನು ಮನೆಯಲ್ಲಿಟ್ಟುಕೊಳ್ಳಲಿಲ್ಲ, ಒಂದು ಸೈನಿಕ ಶಾಲೆಗೆ ಸೇರಿಸಿದರು. ಯುದ್ಧ ಮುಗಿದು ಎಂಟೇ ವರ್ಷ. ಸಮವಸ್ತ್ರ ತೊಟ್ಟ ಅಮೆರಿಕನ್ ಹುಡುಗರ ನಡುವೆ ಒಬ್ಬ ಜಪಾನೀ ಹುಡುಗ, ಸರಿಯಾಗಿ ಇಂಗ್ಲಿಷ್ ಬಾರದವನು. ಟೋಕಿಯೋದಲ್ಲಿ ಸ್ವಂತ ಕೋಣೆಯ ಬೀಗದ ಕೈ ಇಟ್ಟುಕೊಂಡು ಓಡಾಡಿದವನಿಗೆ ಇಲ್ಲಿ ಸಾಲಿನಲ್ಲಿ ನಿಲ್ಲುವ ಶಿಕ್ಷೆ. ಒಂದು ವರ್ಷದ ಹೊತ್ತಿಗೆ ಸಿಗರೇಟು ಸೇದಿದ ಕಾರಣಕ್ಕೆ ಶಾಲೆ ಅವನನ್ನು ಹೊರಗೆ ಹಾಕಿತು. ಆಮೇಲೆ ಅವನು ಮತ್ತೊಮ್ಮೆ ಒಂಟಿ. ಚಿಕ್ಕಪುಟ್ಟ ಕೆಲಸ ಮಾಡುತ್ತ, ಇನ್ನೊಂದು ಊರಿನ ಹೈಸ್ಕೂಲು ಸೇರಿ ಓದು ಮುಗಿಸಿದ. ಅಲ್ಲಿಯ ಮುಖ್ಯೋಪಾಧ್ಯಾಯರು ಅವನ ಕೈಹಿಡಿದರು.

ಆಮೇಲಿನ ದಾರಿ ಬಲು ಸುತ್ತು. ಬರ್ಕ್ಲಿಯಲ್ಲಿ ವಾಸ್ತುಶಿಲ್ಪದ ಓದು ಅರ್ಧಕ್ಕೆ ನಿಂತಿತು, 1962ರಲ್ಲಿ ಅಮೆರಿಕದ ಸೈನ್ಯ ಕರೆಯಿತು. ಜರ್ಮನಿಯಲ್ಲಿದ್ದಾಗ ತೆಗೆದ ಫೋಟೋಗಳು ಸೈನಿಕರ ಪತ್ರಿಕೆ ‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್’ನಲ್ಲಿ ಅಚ್ಚಾದವು. ಮರಳಿ ಬಂದ ಮೇಲೆ ಜಾಹೀರಾತು ಫೋಟೋಗ್ರಫಿಯೇ ಅನ್ನದ ದಾರಿ. ಮಸಿಯ ನಿಬ್ಬು ಹಿಡಿದ ಕೈಗೆ ಕ್ಯಾಮೆರಾ ಬಂತು. 1972ರಲ್ಲಿ ಬಂದ ಮೊದಲ ಮಕ್ಕಳ ಪುಸ್ತಕದ ಚಿತ್ರಗಳನ್ನೂ ಅವರು ಬರೆದದ್ದು ಸ್ಟುಡಿಯೋದಲ್ಲಿ, ಎರಡು ಶೂಟಿಂಗ್‌ಗಳ ನಡುವಿನ ಬಿಡುವಿನಲ್ಲಿ.

ಇಷ್ಟೆಲ್ಲ ನಡೆಯುತ್ತಿದ್ದಾಗಲೂ ಟೋಕಿಯೋದ ನಾಲ್ಕು ವರ್ಷ ಒಳಗೇ ಕುದಿಯುತ್ತಿತ್ತು. 1979ರಲ್ಲಿ ಅದು ಕಾದಂಬರಿಯಾಗಿ ಹೊರಬಂತು: ‘ದಿ ಇಂಕ್-ಕೀಪರ್ಸ್ ಅಪ್ರೆಂಟಿಸ್’. ಕಥಾನಾಯಕ ಕಿಯೋಯಿ ಎಂಬ ಹುಡುಗ. ಗುರು ನೊರೊ ಶಿಂಪೇ. ಗುರುವಿನ ಹೆಸರನ್ನು ಬದಲಿಸಲು ಸೇ ಮನಸ್ಸು ಮಾಡಲಿಲ್ಲ. ಆ ಹೊತ್ತಿಗೆ ಲೇಖಕನಿಗೆ ನಲವತ್ತೆರಡು. ಜಪಾನೀ ಭಾಷೆಯಲ್ಲಿ ಬಾಳಿದ್ದನ್ನು ಆತ ಹದಿಹರೆಯದಲ್ಲಿ ಕಲಿಯಲು ಶುರುಮಾಡಿದ ಇಂಗ್ಲಿಷಿನಲ್ಲಿ ಬರೆದರು.

ಪುಸ್ತಕಚಿತ್ರಗಳ ಕೆಲಸ ಮಾತ್ರ ಅವರನ್ನು ಪದೇ ಪದೇ ನಿರಾಸೆಗೊಳಿಸುತ್ತಿತ್ತು. ಒಂದು ಪುಸ್ತಕದಲ್ಲಿ ಬಣ್ಣಗಳು ಕೆಟ್ಟದಾಗಿ ಅಚ್ಚಾದದ್ದನ್ನು ಕಂಡು ಚಿತ್ರ ಬರೆಯುವುದನ್ನೇ ಬಿಟ್ಟುಬಿಡಲು ಹೊರಟಿದ್ದರು. ವಾಲ್ಟರ್ ಲೊರೇನ್ ಎಂಬ ಸಂಪಾದಕರು ಬಿಡಲಿಲ್ಲ. ಒಂದು ಜಪಾನೀ ಜನಪದ ಕಥೆಗೆ ಚಿತ್ರ ಬರೆಯಲೇಬೇಕು ಎಂದು ಬೆನ್ನುಬಿದ್ದರು. ಡಯಾನ್ ಸ್ನೈಡರ್ ಬರೆದ ‘ದ ಬಾಯ್ ಆಫ್ ದ ತ್ರೀ-ಇಯರ್ ನ್ಯಾಪ್’, ಎಬ್ಬಿಸದಿದ್ದರೆ ಮೂರು ವರ್ಷ ಮಲಗಿಯೇ ಇರುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದ ಸೋಮಾರಿ ಹುಡುಗನ ಕಥೆ. 1987ರಲ್ಲಿ ಆ ಚಿತ್ರಗಳ ಮುಂದೆ ಕೂತಾಗ ಸೇ ಅವರಿಗೆ ದಶಕಗಳಿಂದ ಕಳೆದುಹೋಗಿದ್ದ ಏನೋ ಒಂದು ವಾಪಸ್ ಸಿಕ್ಕಿತು. ಹುಡುಗನಾಗಿ ಗುರುವಿನ ಮೇಜಿನ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದಾಗಿನ ಸುಖ ಅದು ಎಂದು ಅವರೇ ಗುರುತಿಸಿದರು. ಐವತ್ತರ ವಯಸ್ಸಿನಲ್ಲಿ ಫೋಟೋಗ್ರಫಿಗೆ ಕೈಮುಗಿದು ಪೂರ್ಣಾವಧಿ ಚಿತ್ರಕಾರನಾದರು. ಆ ಪುಸ್ತಕಕ್ಕೆ ಪದಕಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಕ್ಯಾಲ್ಡೆಕಾಟ್ ಗೌರವ ಬಂತು. 1993ರಲ್ಲಿ ತಾಯಿಯ ತಂದೆಯ ಕಥೆ ಹೇಳುವ ‘ಗ್ರ್ಯಾಂಡ್‌ಫಾದರ್ಸ್ ಜರ್ನಿ’ ಪ್ರಕಟವಾಗಿ, ಮರುವರ್ಷ ಪದಕವೇ ಬಂತು. ಅಜ್ಜ ಜಪಾನಿನಲ್ಲಿದ್ದಾಗ ಕ್ಯಾಲಿಫೋರ್ನಿಯಾಕ್ಕೆ ಹಂಬಲಿಸಿದವನು, ಕ್ಯಾಲಿಫೋರ್ನಿಯಾದಲ್ಲಿದ್ದಾಗ ಜಪಾನಿಗೆ ಹಂಬಲಿಸಿದವನು. ಊರು ಬಿಟ್ಟು ಬೇರೆಡೆ ನೆಲೆಸಿದ ಯಾರಿಗೇ ಆದರೂ ಆ ಪುಸ್ತಕ ಕಣ್ಣು ತೇವ ಮಾಡಿಸುತ್ತದೆ.

ನೊರೊ ಅವರ ಶಿಷ್ಯ ಕೊನೆಗೂ ನೊರೊ ಮಾಡಿದ ಕೆಲಸವನ್ನು ಮಾಡಲಿಲ್ಲ. ಮಾಸಿಕಗಳಿಗೆ ನಗೆಚಿತ್ರ ಬರೆಯಲಿಲ್ಲ, ಜಪಾನಿನಲ್ಲಿ ಉಳಿಯಲಿಲ್ಲ. ಗುರುವಿನ ಪರಂಪರೆ ಮುಂದುವರಿಯಿತೆಂದು ಹೇಳಲು ಯಾವ ಹೊರಗುರುತೂ ಇಲ್ಲ. ಇದನ್ನು ಸೋಲೆಂದು ಎಣಿಸುವ ಗುರುಗಳು ಬೇಕಾದಷ್ಟಿದ್ದಾರೆ, ಸಂಗೀತದಲ್ಲಿ, ನಾಟಕದಲ್ಲಿ, ವಿಶ್ವವಿದ್ಯಾಲಯಗಳಲ್ಲಿ. ನೊರೊ ಹಾಗೆಣಿಸಲಿಲ್ಲ. ಸಾಗರದ ಎರಡು ದಡಗಳಲ್ಲಿದ್ದರೂ ಗುರುಶಿಷ್ಯರ ನಂಟು ಹರಿಯಲಿಲ್ಲ. ಹನ್ನೆರಡರಲ್ಲಿ ಆರಿಸಿಕೊಂಡ ಗುರುವೇ ಮುದಿತನದವರೆಗೂ ಸೇ ಅವರ ಮಾರ್ಗದರ್ಶಕ.

2011ರಲ್ಲಿ ಸೇ ಅದೇ ಕಥೆಯನ್ನು ಮತ್ತೆ ಕೈಗೆತ್ತಿಕೊಂಡರು. ಈ ಸಲ ಕಾದಂಬರಿಯ ಮರೆಯಿಲ್ಲದೆ, ನೇರ ಆತ್ಮಕಥೆಯಾಗಿ. ‘ಡ್ರಾಯಿಂಗ್ ಫ್ರಮ್ ಮೆಮೊರಿ’ ಎಂಬ ಆ ಪುಸ್ತಕದಲ್ಲಿ ಜಲವರ್ಣವಿದೆ, ಹಳೆಯ ಫೋಟೋಗಳಿವೆ, ಪೆನ್ಸಿಲ್ ಕರಡುಗಳಿವೆ, ಕಾಮಿಕ್ಸ್ ಚೌಕಗಳಿವೆ. ಜೀವನದಲ್ಲಿ ಕಲಿತ ಎಲ್ಲ ವಿದ್ಯೆಯನ್ನೂ ಒಂದೇ ಪುಸ್ತಕಕ್ಕೆ ಸುರಿದಿದ್ದಾರೆ. ಮೂವತ್ತೆರಡು ವರ್ಷಗಳ ಅಂತರದಲ್ಲಿ ಒಬ್ಬ ಲೇಖಕ ತನ್ನ ಬಾಲ್ಯದ ಅದೇ ನಾಲ್ಕು ವರ್ಷವನ್ನು ಎರಡು ಸಲ ಬರೆಯಬೇಕಾದರೆ ಆ ಸಾಲ ಎಷ್ಟು ದೊಡ್ಡದಿರಬೇಕು! ಎರಡನ್ನೂ ಓದಿದವರಿಗೆ ಎರಡನೆಯದು ಹೆಚ್ಚು ಹತ್ತಿರವಾಗುತ್ತದೆ. ಎಪ್ಪತ್ತು ದಾಟಿದ ಕೈಗೆ ಹನ್ನೆರಡರ ಹುಡುಗನ ಮುಖ ಬರೆಯುವಾಗ ಇರುವ ಮಮತೆ ಮೊದಲ ಪುಸ್ತಕದ ಲೇಖಕನಿಗೆ ಇನ್ನೂ ಸಿಕ್ಕಿರಲಿಲ್ಲ.

ಅದರ ಮುಂದಿನ ಭಾಗ 2015ರ ‘ದಿ ಇಂಕರ್ಸ್ ಶ್ಯಾಡೊ’. ಅಮೆರಿಕದ ಆ ಕಠಿಣ ವರ್ಷಗಳ ಕಥೆ. ಸೈನಿಕ ಶಾಲೆಯಲ್ಲಿ, ಬಾಡಿಗೆ ಕೋಣೆಯಲ್ಲಿ, ಬೀದಿಯಲ್ಲಿ ಆ ಹುಡುಗನ ಜೊತೆಗೆ ಒಬ್ಬ ತುಂಟ ಸಂಗಾತಿ ಓಡಾಡುತ್ತಾನೆ, ಉಳಿದವರ ಕಣ್ಣಿಗೆ ಕಾಣದವನು. ಅವನು ಕ್ಯೂಸುಕೆ. ಸೇಯನ್ನು ನೋಡಿ ನೊರೊ ಬರೆದಿದ್ದ ಅದೇ ಪಾತ್ರ. ಸೇ ಮಾತಾಡಲು ಹಿಂಜರಿಯುವ ಕಡೆ ಕ್ಯೂಸುಕೆ ಕುಣಿಯುತ್ತಾನೆ, ಅಳಬೇಕೆನ್ನಿಸಿದ ಕಡೆ ನಗಿಸುತ್ತಾನೆ. ಗುರು ಜೊತೆಗೆ ಬರಲಾಗದಿದ್ದರೂ ಗುರು ಬರೆದ ಚಿತ್ರ ಬಂದಿತ್ತು.

ಇದಾಗಿ ಎರಡು ವರ್ಷಕ್ಕೆ, 2017ರಲ್ಲಿ, ಸೇ ಅವರ ಇನ್ನೊಂದು ಪುಸ್ತಕ ಬಂತು: ‘ಸೈಲೆಂಟ್ ಡೇಸ್, ಸೈಲೆಂಟ್ ಡ್ರೀಮ್ಸ್’. ಐಡಹೊ ರಾಜ್ಯದ ಜೇಮ್ಸ್ ಕ್ಯಾಸಲ್ (1899–1977) ಎಂಬ ಹುಟ್ಟುಕಿವುಡ ಕಲಾವಿದನ ಜೀವನ. ಯಾವ ನೊರೊ ಶಿಂಪೇಯೂ ಸಿಗದ ಹುಡುಗ ಅವನು. ಸೌದೆ ಒಲೆಯ ಮಸಿಗೆ ಎಂಜಲು ಬೆರೆಸಿ, ಕಡ್ಡಿ ಚೂಪು ಮಾಡಿ, ಸಿಕ್ಕಿದ ಕಾಗದ ರಟ್ಟುಗಳ ಮೇಲೆ ಆತ ಆಯುಷ್ಯವೆಲ್ಲ ಚಿತ್ರ ಬರೆದ. ಅವನ ಕೈಯನ್ನು ಅರಿಯಬೇಕೆಂದು, ಎಂಬತ್ತಕ್ಕೆ ಕಾಲಿಟ್ಟಿದ್ದ ಸೇ ತಮ್ಮ ಕುಂಚಗಳನ್ನು ಬದಿಗಿಟ್ಟು, ಮಸಿ, ಇದ್ದಲು, ಚೂಪಾದ ಕಡ್ಡಿ ಹಿಡಿದು ಗೆರೆ ಎಳೆಯುವುದನ್ನು ಮತ್ತೆ ಮೊದಲಿನಿಂದ ಕಲಿತರು.